ಅನ್ನದ್ವೇಷವೂ ಪ್ರಸಾದತತ್ತ್ವವೂ

ನಮ್ಮ ಗದಗು ಸೀಮೆಯು ಅನ್ನದ ಹೆಸರನ್ನು ಹೊತ್ತ ಸೀಮೆ. ಮುಂಡರಗಿಯ ಮಠವು ಅನ್ನದಾನೀಶ್ವರನ ನಾಮದಿಂದಲೇ ಪ್ರಸಿದ್ಧವಾಗಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧಬಾಲಕರಿಗೆ ಸಂಗೀತವಿದ್ಯೆಯೂ ಅನ್ನವೂ ಒಂದೇ ಸೂರಿನ ಕೆಳಗೆ ದೊರೆಯುತ್ತ ಬಂದಿವೆ. ಡಂಬಳದ ತೋಂಟದಾರ್ಯ ಮಠದ ಜಾತ್ರೆಯಲ್ಲಂತೂ ರೊಟ್ಟಿಯೇ ಉತ್ಸವ. ಮನೆಮನೆಯ ತಾಯಂದಿರು ತಟ್ಟಿದ ರೊಟ್ಟಿಯನ್ನು ಕುಲಮತಗಳ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವದೇ ಅಲ್ಲಿಯ ಪೂಜೆ. ಇದೇ ನೆಲವು ಅನ್ನವಿಲ್ಲದ ದಿನಗಳನ್ನೂ ಕಂಡಿದೆ. 1876ರಿಂದ 1878ರ ವರೆಗಿನ ಕ್ಷಾಮದಲ್ಲಿ ಅಂದಿನ ಧಾರವಾಡ ಜಿಲ್ಲೆಯ ಊರೂರುಗಳು ಬರಿದಾದ ಸಂಗತಿಯನ್ನು ಹಿರಿಯರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿದ್ದಾರೆ.

ಆದರೆ ನಾನು ಇಂದು ಬರೆಯಹೊರಟಿರುವದು ಅನ್ನವಿಲ್ಲದವರ ಹಸಿವೆಯನ್ನು ಕುರಿತಲ್ಲ. ಗಂಗಾಳದಲ್ಲಿ ಅನ್ನವಿದ್ದು, ಬಡಿಸುವ ತಾಯಿ ಎದುರಿಗಿದ್ದು, ಉಣ್ಣಲಾರದೆ ಕುಳಿತವರ ಹಸಿವೆಯನ್ನು ಕುರಿತು. ಇಂಥ ಒಂದು ವ್ಯಾಧಿಯುಂಟೆಂಬದನ್ನು ಐವತ್ತು ದಾಟಿದ ಮೇಲೆ ನಾನು ಅರಿತೆನು. ಅರಿಯುವ ಮುನ್ನ ಒಂದು ತಪ್ಪನ್ನೂ ಮಾಡಿದೆನು. ಆ ತಪ್ಪನ್ನು ಮೊದಲು ಹೇಳಿಬಿಡುವದು ಲೇಸು.

ಕೆಲವು ವರುಷಗಳ ಹಿಂದೆ ಹತ್ತನೆಯ ಇಯತ್ತೆಯಲ್ಲಿ ಒಬ್ಬ ವಿದ್ಯಾರ್ಥಿನಿ ನನ್ನ ಪಾಠಕ್ಕೆ ಬರುತ್ತಿದ್ದಳು. ಒಕ್ಕಲುತನದ ಮನೆಯ ಹುಡುಗಿ. ಓದಿನಲ್ಲಿ ಮುಂದು, ನಡೆಯಲ್ಲಿ ವಿನಯ. ಶ್ರಾವಣ ಸೋಮವಾರಗಳಂದು ಒಪ್ಪತ್ತು ಮಾಡುವ ವ್ರತವನ್ನು ಹಿಡಿದಳು. ಶ್ರಾವಣ ಮುಗಿಯಿತು, ಒಪ್ಪತ್ತು ಮುಗಿಯಲಿಲ್ಲ. ಸೋಮವಾರಕ್ಕೆ ಗುರುವಾರ ಕೂಡಿತು; ಗುರುವಾರಕ್ಕೆ ಅಮಾವಾಸ್ಯೆ, ಹುಣ್ಣಿಮೆಗಳು ಕೂಡಿದವು. ಮೊದಲು ಬೆಲ್ಲವನ್ನು ಬಿಟ್ಟಳು, ಬಳಿಕ ಎಣ್ಣೆಯನ್ನು, ಬಳಿಕ ಹಾಲುಮಜ್ಜಿಗೆಗಳನ್ನು. ಮನೆಯವರಿಗೆಲ್ಲ ತಾನೇ ರೊಟ್ಟಿ ತಟ್ಟಿ ಬಡಿಸುವಳು. ತಾನು ಮಾತ್ರ ಆಮೇಲೆ ಉಣ್ಣುವೆನೆನ್ನುವಳು. ಆ ಆಮೇಲೆ ಬರುತ್ತಿರಲಿಲ್ಲ. ಇದನ್ನು ಅರೆಬರೆ ಕೇಳಿದ ನಾನು, ಒಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಆಕೆಯನ್ನು ಎಲ್ಲರೆದುರು ನಿಲ್ಲಿಸಿ, ಇಂದ್ರಿಯನಿಗ್ರಹವೆಂದರೆ ಇದೆಂದು ಹೊಗಳಿದೆನು.

ಎರಡು ತಿಂಗಳ ತರುವಾಯ ಆಕೆಯ ತಾಯಿ ಬಂದು ಬಾಗಿಲಲ್ಲಿ ನಿಂತಳು. "ಗುರುಗಳ, ನೀವು ಛಲೋ ಅಂದ್ರಿ, ಆಕಿ ಇನ್ನಷ್ಟು ಬಿಟ್ಟಳ್ರಿ. ಈಗ ನೀವ ಉಣ್ಣು ಅಂತ ಹೇಳ್ರಿ" ಎಂದಳು. ನಾನು ಹೇಳಿದೆನು. ಹುಡುಗಿ ತಲೆಬಾಗಿ ಹೂಂಗುಟ್ಟಿ ಹೋದಳು, ಉಣ್ಣಲಿಲ್ಲ. ಹೊಗಳಿದ ಮಾತಿಗಿದ್ದ ಬಲವು ಬುದ್ಧಿ ಹೇಳಿದ ಮಾತಿಗಿರಲಿಲ್ಲ. ಬೇಸಿಗೆಯಲ್ಲಿಯೂ ಶಾಲು ಹೊದೆಯುತ್ತಿದ್ದ ಆ ಕೂಸು ಒಂದು ಮುಂಜಾನೆ ಮನೆಯ ಅಂಗಳದಲ್ಲಿಯೇ ಕುಸಿದುಬಿದ್ದಿತು. ವೈದ್ಯರು ನಾಡಿ ಹಿಡಿದು, ಹೃದಯದ ಬಡಿತವು ತೀರ ನಿಧಾನವಾಗಿದೆಯೆಂದೂ, ಮುಟ್ಟು ನಿಂತು ತಿಂಗಳುಗಳಾಗಿವೆಯೆಂದೂ, ಇದು ವ್ರತವಲ್ಲ, ರೋಗವೆಂದೂ ಹೇಳಿದರು.

ವಿಚಾರಿಸತಕ್ಕ ಪ್ರಶ್ನೆ ಇಲ್ಲಿದೆ. ನಿಗ್ರಹವೂ ರೋಗವೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವವಾದರೆ, ಅವೆರಡನ್ನೂ ಬೇರ್ಪಡಿಸುವ ಒರೆಗಲ್ಲು ಯಾವದು? ಉಣ್ಣದಿರುವವನನ್ನು ನಾವು ಗೌರವಿಸಬೇಕೋ, ಉಪಚರಿಸಬೇಕೋ?

ಒರೆಗಲ್ಲು ನಮ್ಮ ಆಚಾರದಲ್ಲಿಯೇ ಇದೆ. ನಾವು ಅದನ್ನು ಗಮನಿಸುವದಿಲ್ಲ. ವ್ರತಕ್ಕೆ ಸಂಕಲ್ಪವುಂಟು, ಅವಧಿಯುಂಟು, ಕೊನೆಯಲ್ಲಿ ಪಾರಣೆಯುಂಟು. ವ್ರತಿಯು ಪಾರಣೆಯನ್ನು ಸಂತೋಷದಿಂದ ಎದುರು ನೋಡುವನು, ಸಂತೋಷದಿಂದಲೇ ಉಣ್ಣುವನು. ಎಲ್ಲಿ ಉಪವಾಸಕ್ಕೆ ಪಾರಣೆಯಿಲ್ಲವೋ, ಎಲ್ಲಿ ಪಾರಣೆಯ ನೆನಪೇ ಅಂಜಿಕೆಯನ್ನು ಹುಟ್ಟಿಸುವದೋ, ಅಲ್ಲಿ ಉಪವಾಸವು ಆತನ ಕೈಯಲ್ಲಿಲ್ಲ, ಆತನೇ ಉಪವಾಸದ ಕೈಯಲ್ಲಿದ್ದಾನೆ. ಅದು ನಿಗ್ರಹವಲ್ಲ. ನಿಗ್ರಹವೆಂದರೆ ಹಿಡಿಯಬಲ್ಲವನು ಬಿಡಲೂ ಬಲ್ಲನೆಂದು ಅರ್ಥ.

ಇನ್ನು ಶರಣರ ಮಾರ್ಗವನ್ನು ನೋಡಿದರೆ, ಅಷ್ಟಾವರಣಗಳಲ್ಲಿ ಪ್ರಸಾದವೊಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಉಪವಾಸಿಸ್ಥಲವೆಂಬದೊಂದು ಅಲ್ಲಿಲ್ಲ. ಇಷ್ಟಲಿಂಗವನ್ನು ಧರಿಸಿದ ಅಂಗವು ಲಿಂಗದ ನೆಲೆ. ಅದನ್ನು ಸವೆಯಿಸುವದರಲ್ಲಿ ಪುಣ್ಯವಿದೆಯೆಂದು ನಮ್ಮವರು ಬಗೆಯಲಿಲ್ಲ. ಕಾಯಕವನ್ನು ಮಾಡತಕ್ಕ ಕಾಯವೇ ಉಡುಗಿಹೋದರೆ ಕಾಯಕವೆಲ್ಲಿ, ದಾಸೋಹವೆಲ್ಲಿ? ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಗೋರಕ್ಷನ ವಜ್ರದೇಹದ ಹೆಮ್ಮೆಯನ್ನು ಮುರಿದ ಪ್ರಸಂಗವನ್ನು ವಾಚಕರು ಬಲ್ಲರು. ದೇಹವನ್ನು ವಜ್ರಮಾಡುತ್ತೇನೆನ್ನುವದೂ ಎಲುಬುಗೂಡುಮಾಡುತ್ತೇನೆನ್ನುವದೂ ನನ್ನ ಬುದ್ಧಿಗೆ ಒಂದೇ ಬಂಧನದ ಎರಡು ತುದಿಗಳಾಗಿ ಕಾಣುತ್ತವೆ. ಎರಡರಲ್ಲಿಯೂ ಮನಸ್ಸು ದೇಹದ ಸುತ್ತಲೇ ಗಾಣದೆತ್ತಾಗುವದು. ಉಣ್ಣಲೊಲ್ಲದ ಆ ಹುಡುಗಿಯು ಅನ್ನವನ್ನು ಬಿಟ್ಟಿದ್ದಳೇ ಹೊರತು ಅನ್ನದ ಚಿಂತೆಯನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲವೆಂದು ಆಮೇಲೆ ತಾನೇ ನನಗೆ ಹೇಳಿದಳು.

ಈ ವ್ಯಾಧಿಯು ಹೊಸದಲ್ಲ. 1689ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ ಎಂಬ ವೈದ್ಯನು ಕ್ಷಯವಿಲ್ಲದೆಯೂ ಕ್ಷಯಿಸುತ್ತ ಹೋದ ರೋಗಿಗಳನ್ನು ವರ್ಣಿಸಿದನು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಹಾಗೂ ಪ್ಯಾರಿಸ್ಸಿನ ಲಾಸೆಗ್ ಎಂಬವರು ಬೇರೆಬೇರೆಯಾಗಿ ಇದನ್ನೇ ವಿವರಿಸಿದರು. ಗಲ್ ಇಟ್ಟ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರೇ ಇಂದಿಗೂ ಉಳಿದಿದೆ. ಇದರ ತಂಗಿಯಾದ ಇನ್ನೊಂದು ರೋಗವುಂಟು: ಹಿಡಿತವಿಲ್ಲದೆ ಬಹಳ ತಿಂದು, ಅಂಜಿ ಅದನ್ನು ವಾಂತಿಮಾಡಿ ಕಳೆಯುವದು. ಇದನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯನು ಬುಲಿಮಿಯಾ ನರ್ವೋಸಾ ಎಂದು ಕರೆದನು. ಇವು ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳನ್ನು ಹಿಡಿಯುವವಾದರೂ ಗಂಡುಮಕ್ಕಳನ್ನು ಬಿಟ್ಟವಲ್ಲ.

ಮನಸ್ಸಿನ ರೋಗವಾದರೆ ಮೊದಲು ಮನಸ್ಸಿಗೆ ತಿಳಿಹೇಳಿ, ಮನಸ್ಸು ತಿದ್ದಿದ ಮೇಲೆ ಉಣ್ಣಿಸಬಾರದೇ ಎಂದು ಕೇಳಬಹುದು. ನಾನೂ ಹಾಗೆಯೇ ತಿಳಿದು ಉಪದೇಶಕ್ಕೆ ತೊಡಗಿದ್ದೆನು. ಛಾಂದೋಗ್ಯೋಪನಿಷತ್ತನ್ನು ಎಷ್ಟೋ ಸಲ ಪಾಠಹೇಳಿದ ನನಗೆ ಅದರ ಆರನೆಯ ಅಧ್ಯಾಯವು ಆಗ ನೆನಪಿಗೆ ಬರಲಿಲ್ಲ. ಅಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿವಸ ಬರಿಯ ನೀರು ಕುಡಿದಿರಲು ಹೇಳುತ್ತಾನೆ. ತರುವಾಯ ವೇದವನ್ನು ಹೇಳೆಂದರೆ, ಹನ್ನೆರಡು ವರುಷ ಓದಿ ಬಂದ ಆ ಮಗನಿಗೆ ಒಂದೂ ಹೊಳೆಯುವದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ಹೊಳೆಯುತ್ತದೆ. ಮನಸ್ಸು ಅನ್ನದಿಂದಾದುದೆಂಬದನ್ನು ತಂದೆಯು ತರ್ಕದಿಂದಲ್ಲ, ಹಸಿವೆಯಿಂದಲೇ ಕಲಿಸಿದನು.

ಇದನ್ನೇ ಈ ಕಾಲದ ವಿಜ್ಞಾನವೂ ಪರೀಕ್ಷಿಸಿ ಕಂಡಿದೆ. 1944ರ ನವಂಬರದಲ್ಲಿ ಅಮೇರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಪಂಡಿತನು 36 ಜನ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದ ಒಂದು ಪ್ರಯೋಗಕ್ಕೆ ತೆಗೆದುಕೊಂಡನು. ಯುದ್ಧದಲ್ಲಿ ಕೊಲ್ಲಲೊಲ್ಲೆವೆಂದ ಆ ತರುಣರು, ಯುದ್ಧದಿಂದ ಹಸಿದವರಿಗೆ ಉಪಯೋಗವಾಗಲೆಂದು ತಾವೇ ಹಸಿಯಲು ಒಪ್ಪಿದ್ದರು. 24 ವಾರಗಳ ಕಾಲ ಅವರಿಗೆ ಎಂದಿನ ಆಹಾರದ ಸುಮಾರು ಅರ್ಧದಷ್ಟನ್ನೇ ಕೊಡಲಾಯಿತು. ಅವರ ತೂಕವು ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ವಿಸ್ಮಯವೆಂದರೆ ಮನಸ್ಸಿಗೆ ಆದುದು. ಅವರು ಅಡಿಗೆಯ ಪುಸ್ತಕಗಳನ್ನು ಓದತೊಡಗಿದರು, ಒಂದೊಂದು ಊಟವನ್ನು ತಾಸುಗಟ್ಟಲೆ ಎಳೆದರು, ಚಳಿಯಿಂದ ನಡುಗಿದರು, ಸಿಟ್ಟು, ಮಂಕು, ಒಂಟಿತನಗಳು ಅವರನ್ನು ಕವಿದವು. ಅವರಾರೂ ಮೊದಲು ರೋಗಿಗಳಾಗಿರಲಿಲ್ಲ. ಹಸಿವೆಯೇ ಆ ಮನಸ್ಸನ್ನು ಕಟ್ಟಿತ್ತು. ಗುಣಪಡಿಸುವ ಕಾಲಕ್ಕೂ ವಿಟಮಿನ್ನಿನ ಗುಳಿಗೆಗಳಿಗಿಂತ ಹೆಚ್ಚಾಗಿ ನೆರವಾದುದು ಸಾಕಷ್ಟು ಅನ್ನವೇ.

ಆದುದರಿಂದ ಉಣ್ಣಲಾರದವನಿಗೆ ವೇದಾಂತವನ್ನು ಬೋಧಿಸುವದು ಎಣ್ಣೆ ತೀರಿದ ದೀಪಕ್ಕೆ ಬತ್ತಿಯನ್ನು ಏರಿಸಿದಂತೆ. ಅನ್ನವು ಮುಂದೆ, ತಿಳಿವಳಿಕೆಯು ಹಿಂದೆ. ಆ ಅನ್ನವನ್ನು ಹೇಗೆ ಕೊಡಬೇಕೆಂಬದೇ ಮುಂದಿನ ಮಾತು.

ಶರಣರು ಅರ್ಪಿತವನ್ನು ಮೂರು ಬಗೆಯಾಗಿ ಹೇಳಿದ್ದಾರೆ: ಇಷ್ಟಲಿಂಗಕ್ಕೆ ರೂಪು, ಪ್ರಾಣಲಿಂಗಕ್ಕೆ ರುಚಿ, ಭಾವಲಿಂಗಕ್ಕೆ ತೃಪ್ತಿ. ಇದರಂತೆ ಶುದ್ಧ, ಸಿದ್ಧ, ಪ್ರಸಿದ್ಧವೆಂದು ಪ್ರಸಾದವೂ ಮೂರು ತೆರ. ಇದು ಸಾಧನೆಯ ಮಾತು, ವೈದ್ಯದ ಮಾತಲ್ಲವೆಂಬದನ್ನು ಬಲ್ಲೆನು. ಆದರೂ ಆ ಹುಡುಗಿಯು ಮರಳಿ ಉಣ್ಣಲು ಕಲಿತದ್ದನ್ನು ಒಂದು ವರುಷ ನೋಡಿದ ನನಗೆ, ಅನ್ನವು ಮನುಷ್ಯನಲ್ಲಿ ಇದೇ ಕ್ರಮದಿಂದ ಮರಳಿ ಬರುವದೆಂದು ಕಂಡಿತು: ಮೊದಲು ರೂಪು, ಆಮೇಲೆ ರುಚಿ, ಎಲ್ಲಕ್ಕೂ ಕೊನೆಗೆ ತೃಪ್ತಿ.

ರೂಪೆಂದರೆ ಇಲ್ಲಿ ಹೊತ್ತು ಮತ್ತು ಅಳತೆ. ಈ ರೋಗಿಗೆ ಹಸಿವೆಯ ಸೂಚನೆಯೇ ಕೆಟ್ಟಿರುತ್ತದೆ. ಹಸಿದಾಗ ಉಣ್ಣೆಂದರೆ ಎಂದೂ ಉಣ್ಣಲಾರನು. ಹೀಗಾಗಿ ಹಸಿವೆಯಿರಲಿ ಬಿಡಲಿ, ದಿನಕ್ಕೆ ಮೂರು ಊಟ, ನಡುನಡುವೆ ಎರಡು ಮೂರು ಸಲ ಅಲ್ಪಾಹಾರ, ಒಂದರಿಂದ ಇನ್ನೊಂದಕ್ಕೆ ಮೂರು ನಾಲ್ಕು ತಾಸಿಗಿಂತ ಹೆಚ್ಚಿನ ಅಂತರವಿಲ್ಲ; ಇದು ವೈದ್ಯರು ಕಟ್ಟಿಕೊಡುವ ನಿಯಮ. ಲಿಂಗಪೂಜೆಗೆ ಹೊತ್ತನ್ನು ಕಾಯುವ ನಾವು ಇದನ್ನು ಸುಲಭವಾಗಿ ಅರಿಯಬಲ್ಲೆವು. ಮನಸ್ಸು ನಿಲ್ಲಲಿ, ಆಮೇಲೆ ಪೂಜೆ ಮಾಡುತ್ತೇನೆನ್ನುವವನು ಪೂಜೆಯನ್ನೇ ಮಾಡುವದಿಲ್ಲ. ಪೂಜೆಗೆ ಕುಳಿತುದರಿಂದಲೇ ಮನಸ್ಸು ನಿಲ್ಲುವದು.

ಆದರೆ ಇಲ್ಲಿ ಒಂದು ಎಚ್ಚರಿಕೆಯುಂಟು. ಇದನ್ನು ಗೃಹಸ್ಥರು ಮರೆಯಲಾಗದು. ಬಹುದಿನ ಉಣ್ಣದವನಿಗೆ ಪ್ರೀತಿಯ ಭರದಲ್ಲಿ ಒಮ್ಮೆಲೇ ಹೋಳಿಗೆ ತುಪ್ಪ ಬಡಿಸುವದು ಪ್ರಾಣಕ್ಕೆ ಅಪಾಯ. 1945ರಲ್ಲಿ ಯುದ್ಧದ ಸೆರೆಮನೆಗಳಿಂದ ಬಿಡುಗಡೆಯಾದ ಹಸಿದವರಲ್ಲಿ ಕೆಲವರು ಊಟ ದೊರೆತ ಮೇಲೆಯೇ ಸತ್ತರು. ಬರಿದಾದ ಶರೀರಕ್ಕೆ ಪಿಷ್ಟಾಹಾರವು ಒಮ್ಮೆಲೇ ಬಂದರೆ ರಕ್ತದಲ್ಲಿಯ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಎಂಬ ಲವಣಗಳು ಜೀವಕೋಶಗಳೊಳಗೆ ಸೇರಿಹೋಗಿ ರಕ್ತದಲ್ಲಿ ಕುಸಿಯುವವು. ಥಯಾಮಿನ್ ಎಂಬ ಜೀವಸತ್ವವೂ ತೀರುವದು. ಹೃದಯವು ತಾಳ ತಪ್ಪುವದು. ಆದಕಾರಣ ತೀರ ಸೊರಗಿದವರಿಗೆ ರಕ್ತಪರೀಕ್ಷೆ ಮಾಡಿಸಿ, ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು, ಅವರು ಹೇಳಿದಷ್ಟರಿಂದ ಆರಂಭಿಸಿ ದಿನದಿನಕ್ಕೆ ಏರಿಸಬೇಕು. ನಮ್ಮ ಆಯುರ್ವೇದದವರು ಶೋಧನಕರ್ಮದ ತರುವಾಯ ಹೇಳುವ ಸಂಸರ್ಜನಕ್ರಮದಲ್ಲಿಯೂ ಪೇಯೆ, ವಿಲೇಪಿ, ಯೂಷವೆಂದು ತಿಳಿಗಂಜಿಯಿಂದ ಗಟ್ಟಿ ಅನ್ನದ ವರೆಗೆ ಮೆಟ್ಟಿಲುಗಳಿವೆ. ಅಂಬಲಿಯಿಂದ ನುಚ್ಚಿಗೆ, ನುಚ್ಚಿನಿಂದ ರೊಟ್ಟಿಗೆ ಏರುವ ಈ ತಾಳ್ಮೆಯು ನಮ್ಮ ಅಜ್ಜಿಯರಿಗೆ ಹೊಸದಲ್ಲ. ಆದರೆ ಎಂಥ ರೋಗಿಗೆ ಎಷ್ಟೆಂಬದನ್ನು ಅಜ್ಜಿಯ ಅಂದಾಜಿಗೆ ಬಿಡದೆ ವೈದ್ಯರನ್ನೇ ಕೇಳತಕ್ಕದ್ದು.

ರುಚಿಯು ಎರಡನೆಯದು. ಮೊದಲ ವಾರಗಳಲ್ಲಿ ಊಟವು ರೋಗಿಗೆ ಸುಖವನ್ನು ಕೊಡುವದಿಲ್ಲ. ಜಠರವು ಮಂದವಾಗಿರುವದರಿಂದ ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬುವದು. ಕಾಲಲ್ಲಿ ಬಾವು ಕಾಣಿಸಬಹುದು. ನೋಡಿದಿರಾ, ಉಂಡದ್ದೇ ಕೆಡುಕಾಯಿತೆಂದು ರೋಗವು ಒಳಗಿನಿಂದ ವಾದಿಸುವದು. ಬಾವನ್ನು ವೈದ್ಯರಿಗೆ ತೋರಿಸಬೇಕು, ಊಟವನ್ನು ಬಿಡಬಾರದು. ಅಂಜಿ ಬಿಟ್ಟ ಪದಾರ್ಥಗಳು ಒಂದೊಂದಾಗಿ ಗಂಗಾಳಕ್ಕೆ ಮರಳಬೇಕು. ನಮ್ಮ ಹುಡುಗಿಗೆ ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಳ್ಳಲು ಎರಡು ತಿಂಗಳು ಹಿಡಿದವು, ಬೆಲ್ಲಕ್ಕೆ ನಾಲ್ಕು. ಅಜ್ಜಿಯು ದಿನವೂ ಎದುರಿಗೆ ಕುಳಿತು ತಾನೂ ಅದನ್ನೇ ಉಣ್ಣುತ್ತಿದ್ದಳು. "ಯವ್ವಾ, ಇವತ್ತಿನ ರೊಟ್ಟಿ ಇವತ್ತ ಉಣ್ಣು, ನಾಳಿನ ರೊಟ್ಟಿ ನಾಳೆ ನೋಡೂಣು" ಎನ್ನುವದಷ್ಟೇ ಆಕೆಯ ಉಪದೇಶ. ನನ್ನ ಉಪದೇಶಕ್ಕಿಂತ ಅದು ಮೇಲಾಗಿತ್ತು.

ತೃಪ್ತಿಯು ಎಲ್ಲಕ್ಕೂ ತಡವಾಗಿ ಬರುವದು. ಮಿನೆಸೋಟಾದ ತರುಣರಲ್ಲಿ ಕೆಲವರು ಅನ್ನ ದೊರೆತ ಮೇಲೆ ಹೊಟ್ಟೆ ಬಿರಿಯುವಂತೆ ತಿಂದರೂ ಹಸಿವೆ ಹಿಂಗದೆ ತಿಂಗಳುಗಟ್ಟಲೆ ತೊಳಲಿದರು. ಅನ್ನವನ್ನು ಬಿಟ್ಟವರಲ್ಲಿ ಕೆಲವರು ಗುಣವಾಗುವಾಗ ಹೀಗೆ ಅತಿಯಾಗಿ ತಿಂದು, ನಾಚಿ, ಮರುದಿನ ಉಪವಾಸ ಮಾಡುವರು. ಆ ಉಪವಾಸವೇ ಮುಂದಿನ ಅತಿಯನ್ನು ಹುಟ್ಟಿಸುವದು. ಆದುದರಿಂದ ಹೆಚ್ಚು ತಿಂದ ದಿವಸದ ಪ್ರಾಯಶ್ಚಿತ್ತವೆಂದರೆ ಮುಂದಿನ ಊಟವನ್ನು ಹೊತ್ತಿಗೆ ಸರಿಯಾಗಿ ಉಣ್ಣುವದೇ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ನಾವು ಅತ್ಯಾಶೆಗೆ ಮದ್ದೆಂದು ಹೇಳುತ್ತೇವೆ. ಅದರ ಇನ್ನೊಂದು ಮಗ್ಗುಲನ್ನು ಹೇಳುವದಿಲ್ಲ. ಲಕ್ಕಮ್ಮನು ಅಂದಿನ ಅಳತೆಯ ಅಕ್ಕಿಯನ್ನು ಚೆಲ್ಲಿಸಲಿಲ್ಲ. ಸಾಕೆಂಬದನ್ನು ಬಲ್ಲವರಿಗೆ ಬೇಕೆಂಬದೂ ತಿಳಿದಿರುತ್ತದೆ.

ಈಗ ಧರ್ಮಸೂಕ್ಷ್ಮವಾದ ಒಂದು ಆಕ್ಷೇಪ. ಒಲ್ಲೆನೆನ್ನುವವಳಿಗೆ ಉಣ್ಣಿಸುವದು ಬಲಾತ್ಕಾರವಲ್ಲವೇ? ಭಕ್ತಿಯನ್ನು ಹೇರಲಾಗದೆಂದು ನಂಬಿದ ನಾವು ಅನ್ನವನ್ನು ಹೇರಬಹುದೇ? ಈ ಪ್ರಶ್ನೆಯು ನನ್ನನ್ನು ಬಹಳ ದಿನ ಕಾಡಿತು. ಜ್ವರದ ತಾಪದಲ್ಲಿ ಹೊರಗೆ ಓಡುವ ಮಗುವನ್ನು ತಾಯಿ ಹಿಡಿದರೆ ಮಗುವಿನ ಇಚ್ಛೆಯನ್ನು ಮುರಿದಳೆನ್ನಲಾಗದು. ಇಚ್ಛೆಯನ್ನು ಮೊದಲೇ ಜ್ವರ ಮುರಿದಿರುತ್ತದೆ. ಹಿಡಿಯುವದು ಅದನ್ನು ಮರಳಿ ಕೊಡಿಸಲೆಂದೇ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು 1980ರ ದಶಕದಲ್ಲಿ ಬೆಳೆಸಿದ ಚಿಕಿತ್ಸಾಕ್ರಮವೂ ಹೀಗೆಯೇ ನಡೆಯುತ್ತದೆ. ಮೊದಲು ಮಗುವಿನ ಊಟದ ಹೊಣೆಯನ್ನು ತಂದೆತಾಯಿಗಳು ಹೊರುವರು. ತೂಕ ಕೂಡಿದಂತೆ ಮೆಲ್ಲಮೆಲ್ಲನೆ ಹೊಣೆಯನ್ನು ಮಗುವಿಗೇ ಒಪ್ಪಿಸುವರು. ರೋಗಕ್ಕೆ ಮಗುವನ್ನಾಗಲಿ ತಮ್ಮನ್ನಾಗಲಿ ದೂರುವದಿಲ್ಲ. ಹೊಣೆಯೆಂದರೆ ಹೊಡೆತವಲ್ಲ, ಗದರಿಕೆಯಲ್ಲ, ಕಣ್ಣೀರಿನ ಆಣೆಯಲ್ಲ. ಹೊತ್ತಿಗೆ ಬಡಿಸಿ, ಪಕ್ಕದಲ್ಲಿ ಕುಳಿತು, ಉಂಡು ಏಳುವ ವರೆಗೆ ಏಳದಿರುವದು. ಜಂಗಮಕ್ಕೆ ಬಡಿಸುವಾಗ ತೋರುವ ಆದರವನ್ನೇ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೂ ತೋರುವದು. ಇದೂ ದಾಸೋಹವೇ.

ಗೃಹಸ್ಥರಲ್ಲಿ ಇನ್ನು ಕೆಲವು ವಿನಂತಿಗಳು. ಮದುವೆಮುಂಜಿವೆಗಳಲ್ಲಿ ಹೆಣ್ಣುಮಕ್ಕಳನ್ನು ಕಂಡೊಡನೆ ದಪ್ಪಾದಿ, ಸೊರಗಿದಿ ಎಂದು ಮೈಯನ್ನು ತೂಗುವ ಮಾತನ್ನು ಬಿಡೋಣ. ಗುಣವಾಗುತ್ತಿರುವವಳಿಗೆ ಮೈತುಂಬಿದೆಯೆಂಬ ಹೊಗಳಿಕೆಯೂ ಚುಚ್ಚುವದು. ತೂಕ ಬಂದೊಡನೆ ರೋಗ ಹೋಯಿತೆಂದು ತಿಳಿಯದೆ, ಅಂಜಿಕೆ ಹೋಗುವ ವರೆಗೆ ವೈದ್ಯರ ಭೆಟ್ಟಿಯನ್ನು ನಡೆಸಬೇಕು. ದೇವರ ಕಾಟವೆಂದು ತಾಯಿತಕ್ಕೆ ಅಲೆದು ತಿಂಗಳುಗಳನ್ನು ಕಳೆಯಬಾರದು. ಗದುಗಿನಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಗಳಿವೆ. 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ದೂರವಾಣಿ ಮಾಡಿದರೆ ಶುಲ್ಕವಿಲ್ಲದೆ ಸಲಹೆ ದೊರೆಯುವದು. ಕುಸಿದುಬಿದ್ದರೆ, ಎದೆ ಬಡಿತ ತಪ್ಪಿದರೆ, ನೀರೂ ಇಳಿಯದಿದ್ದರೆ ನೆಟ್ಟಗೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುರುಸ್ಥಾನದಲ್ಲಿರುವ ನಮ್ಮಂಥವರ ಪಾಲಿನ ಕೆಲಸವೂ ಒಂದುಂಟು. ಗುರುವಿನ ಹೊಗಳಿಕೆಯಿಂದ ಕಟ್ಟಿಕೊಂಡ ಗಂಟನ್ನು ಗುರುವೇ ಬಿಚ್ಚಬೇಕು. ಮರುವರುಷ ಶ್ರಾವಣವು ಹತ್ತಿರ ಬಂದಾಗ ಆ ಹುಡುಗಿಯ ಮನೆಗೆ ನಾನೇ ಹೋದೆನು. ವೈದ್ಯರು ಉಪವಾಸವನ್ನು ಪೂರ್ಣವಾಗಿ ನಿಷೇಧಿಸಿದ್ದರು. ಆಕೆಗಾದರೋ ವ್ರತಭಂಗದ ಅಂಜಿಕೆ. "ತಂಗಿ, ಅಂದು ನಾ ಹೇಳಿದ್ದು ತಪ್ಪು. ನಿನಗ ಈಗ ಹೊತ್ತಿಗೆ ಸರಿಯಾಗಿ ಉಣ್ಣೂದ ವ್ರತ, ಶ್ರಾವಣದಾಗೂ ಅದ, ಶಿವರಾತ್ರಿಗೂ ಅದ" ಎಂದೆನು. ಆಕೆ ಬಹಳ ಹೊತ್ತು ಸುಮ್ಮನೆ ಕುಳಿತು, "ಇದರ ಪಾರಣಿ ಎಂದರಿ, ಸರ?" ಎಂದು ಕೇಳಿದಳು. ಇದಕ್ಕೆ ದಿನವೂ ಪಾರಣೆಯೆಂದು ಹೇಳಿದೆನು. ಆಕೆ ನಕ್ಕಳು.

ಮುಂದಿನ ಡಂಬಳದ ಜಾತ್ರೆಗೆ ಆ ಮನೆಯವರು ಬಂದಿದ್ದರು. ಪಂಕ್ತಿಯಲ್ಲಿ ತಾಯಿ ಒಂದು ಬದಿಗೆ, ಅಜ್ಜಿ ಇನ್ನೊಂದು ಬದಿಗೆ, ನಡುವೆ ಆಕೆ. ಒಂದು ರೊಟ್ಟಿಯನ್ನು ಪಲ್ಯದೊಡನೆ ಮುಗಿಸಿದಳು. ಬಡಿಸುವವರು ಮತ್ತೆ ಬಂದಾಗ ಕೈಯನ್ನು ಅಡ್ಡ ಹಿಡಿದಳು. ತಾಯಿಯ ಮುಖ ಬಾಡಿತು. ಕ್ಷಣಹೊತ್ತು ಬಿಟ್ಟು ಆಕೆ ತಾನೇ ಬಡಿಸುವವರನ್ನು ಕರೆದು ಅರ್ಧ ರೊಟ್ಟಿಯನ್ನು ಹಾಕಿಸಿಕೊಂಡಳು. ಅಷ್ಟನ್ನು ಉಂಡು, ನೀರು ಕುಡಿದು, ಸಾಕೆಂದಳು. ಆ ಸಾಕೆಂಬ ಮಾತು ಈ ಸಲ ಅಂಜಿಕೆಯದಾಗಿರಲಿಲ್ಲ.